ತೂಕ ಇಳಿಕೆ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳು: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಪೀಠಿಕೆ

ಅತಿಯಾದ ಬೊಜ್ಜು ಹಾಗೂ ಅದರೊಂದಿಗೆ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಮುಂತಾದ ತೊಂದರೆಗಳ ನಿವಾರಣೆಗಾಗಿ ಕೆಲವರಿಗೆ ವೈದ್ಯರು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯನ್ನು ಸಲಹೆ ಮಾಡುತ್ತಾರೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಜನರು ದೊಡ್ಡ ಚಿಕಿತ್ಸೆಗಳಿಗಾಗಿ ಕಲಬುರಗಿ ನಗರಕ್ಕೆ, ಅಲ್ಲಿಂದ ಮುಂದೆ ಸೋಲಾಪುರ, ಹೈದರಾಬಾದ್ ಅಥವಾ ಬೆಂಗಳೂರಿಗೆ ತೆರಳುವುದು ವಾಡಿಕೆಯಲ್ಲಿದೆ. ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ರೋಗಿಯು ಊರಿಗೆ ಮರಳುತ್ತಾನೆ. ತೊಡಕು ಕಾಣಿಸಿಕೊಂಡಾಗ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ನೂರಾರು ಕಿಲೋಮೀಟರ್ ದೂರದಲ್ಲಿರುತ್ತಾರೆ. ರೋಗಿಯನ್ನು ಮೊದಲು ನೋಡುವವರು ಗ್ರಾಮದ ವೈದ್ಯರು ಅಥವಾ ತಾಲ್ಲೂಕು ಆಸ್ಪತ್ರೆಯ ಕರ್ತವ್ಯನಿರತ ವೈದ್ಯರು. ಇಂತಹ ಶಸ್ತ್ರಚಿಕಿತ್ಸೆ ನಡೆದಿದೆ ಎಂಬ ಸಂಗತಿ ಅವರಿಗೆ ತಿಳಿಯದಿದ್ದಲ್ಲಿ ಸಾಮಾನ್ಯ ರೋಗಿಗೆ ನೀಡುವ ಚಿಕಿತ್ಸೆಯನ್ನೇ ನೀಡುತ್ತಾರೆ. ಕೆಲವು ಸಂದರ್ಭಗಳಲ್ಲಿ ಅದೇ ಅಪಾಯಕಾರಿಯಾಗಬಹುದು.

ಆದುದರಿಂದ ಈ ಪುಟದ ಮುಖ್ಯ ತಿಳಿವಳಿಕೆ ಇಷ್ಟು: ತೊಡಕುಗಳಲ್ಲಿ ಹೆಚ್ಚಿನವು ಸಕಾಲದಲ್ಲಿ ಗುರುತಿಸಿದರೆ ಗುಣವಾಗುವಂತಹವು. ಗುರುತಿಸಲು ಬೇಕಾದದ್ದು ಎರಡು, ಮೊದಲನೆಯದು ಲಕ್ಷಣಗಳ ಅರಿವು, ಎರಡನೆಯದು ಶಸ್ತ್ರಚಿಕಿತ್ಸೆಯ ವಿಷಯವನ್ನು ಯಾವ ವೈದ್ಯರಿಂದಲೂ ಮುಚ್ಚಿಡದಿರುವುದು.

1. ಶಸ್ತ್ರಚಿಕಿತ್ಸೆಯ ವಿಧಗಳು

ಪ್ರಚಲಿತವಿರುವ ಮುಖ್ಯ ವಿಧಗಳು ಎರಡು. ಮೊದಲನೆಯದು ಸ್ಲೀವ್ ವಿಧಾನ. ಇದರಲ್ಲಿ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು, ಉಳಿದ ಭಾಗವನ್ನು ಸಣ್ಣ ಕೊಳವೆಯಾಕಾರದಲ್ಲಿ ಹೊಲಿಯಲಾಗುತ್ತದೆ. ಎರಡನೆಯದು ಬೈಪಾಸ್ ವಿಧಾನ. ಇದರಲ್ಲಿ ಜಠರವನ್ನು ಚಿಕ್ಕ ಚೀಲವನ್ನಾಗಿ ಬೇರ್ಪಡಿಸಿ, ಸಣ್ಣ ಕರುಳಿನ ಕೆಳಭಾಗವನ್ನು ನೇರವಾಗಿ ಅದಕ್ಕೆ ಜೋಡಿಸಲಾಗುತ್ತದೆ. ಇದರಿಂದ ತಿನ್ನುವ ಪ್ರಮಾಣ ಕಡಿಮೆಯಾಗುವುದಲ್ಲದೆ ಆಹಾರದ ಸತ್ವಗಳು ದೇಹಕ್ಕೆ ಹೀರಲ್ಪಡುವ ಪ್ರಮಾಣವೂ ಕಡಿಮೆಯಾಗುತ್ತದೆ.

ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಇವೆರಡಕ್ಕಿಂತ ಭಿನ್ನವಾದುದು. ಅದು ದೇಹದ ಆಕಾರಕ್ಕೆ ಸಂಬಂಧಿಸಿದ ಚಿಕಿತ್ಸೆಯೇ ಹೊರತು ಬೊಜ್ಜಿನ ಕಾಯಿಲೆಗೆ ಚಿಕಿತ್ಸೆಯಲ್ಲ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಅವರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಮೃತಪಟ್ಟ ಸುದ್ದಿ ರಾಜ್ಯದಾದ್ಯಂತ ಆತಂಕವನ್ನುಂಟುಮಾಡಿತ್ತು. ಇಂತಹ ಸುದ್ದಿಗಳನ್ನು ಓದಿದವರು ಎಲ್ಲ ವಿಧಾನಗಳನ್ನೂ ಒಂದೇ ಎಂದು ಭಾವಿಸುವುದುಂಟು. ಪ್ರತಿಯೊಂದರ ಅಪಾಯಗಳು ಮತ್ತು ನಂತರದ ಆರೈಕೆ ಬೇರೆ ಬೇರೆಯಾಗಿರುವುದರಿಂದ, ತಮಗೆ ಆಗಿರುವುದು ಯಾವ ಶಸ್ತ್ರಚಿಕಿತ್ಸೆ ಎಂಬುದನ್ನು ರೋಗಿಯೂ ಮನೆಯವರೂ ಹೆಸರು ಸಹಿತ ತಿಳಿದಿರತಕ್ಕದ್ದು.

2. ಬಿಡುಗಡೆ ಪತ್ರದ ಮಹತ್ವ

ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ನೀಡುವ ಡಿಸ್ಚಾರ್ಜ್ ಪತ್ರದಲ್ಲಿ ಶಸ್ತ್ರಚಿಕಿತ್ಸೆಯ ಹೆಸರು, ದಿನಾಂಕ, ನೀಡಿರುವ ಔಷಧಗಳು ಮತ್ತು ಮುಂದಿನ ತಪಾಸಣೆಯ ದಿನ ನಮೂದಾಗಿರಬೇಕು. ಇದರ 3 ನೆರಳಚ್ಚು ಪ್ರತಿಗಳನ್ನು ಮಾಡಿಸಿ, ಒಂದನ್ನು ಮನೆಯಲ್ಲಿ, ಒಂದನ್ನು ರೋಗಿಯ ಚೀಲದಲ್ಲಿ, ಒಂದನ್ನು ಹತ್ತಿರದ ಸಂಬಂಧಿಕರಲ್ಲಿ ಇರಿಸುವುದು ಸೂಕ್ತ. ಮೊಬೈಲ್ ದೂರವಾಣಿಯಲ್ಲಿ ಅದರ ಛಾಯಾಚಿತ್ರವೂ ಇರಲಿ.

ಪತ್ರ ಕಳೆದುಹೋಗಿದ್ದಲ್ಲಿ ಚಿಂತೆಗೆ ಕಾರಣವಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಗಳ ಪ್ರಕಾರ ಒಳರೋಗಿಯ ವೈದ್ಯಕೀಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷಗಳವರೆಗೆ ಕಾಯ್ದಿರಿಸತಕ್ಕದ್ದು. ರೋಗಿ ಅಥವಾ ಆತನ ಅಧಿಕೃತ ಪ್ರತಿನಿಧಿ ಕೋರಿದಲ್ಲಿ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸತಕ್ಕದ್ದು. ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳುವುದು ಒಳ್ಳೆಯದು. 3 ವರ್ಷ ಕಳೆದ ನಂತರ ದಾಖಲೆ ದೊರೆಯದೇ ಇರಬಹುದಾದ್ದರಿಂದ ವಿಳಂಬ ಮಾಡಬಾರದು.

ಶಸ್ತ್ರಚಿಕಿತ್ಸೆಯ ವಿಷಯ ಬಂಧುಬಳಗಕ್ಕೆ ತಿಳಿದರೆ ಆಡಿಕೊಳ್ಳುತ್ತಾರೆ, ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾಗುತ್ತದೆ ಎಂಬ ಅಳುಕಿನಿಂದ ಕೆಲವರು ವಿಷಯವನ್ನು ಗುಟ್ಟಾಗಿಡುತ್ತಾರೆ. ನೆರೆಹೊರೆಯವರಿಗೆ ಹೇಳುವುದು ಬಿಡುವುದು ಅವರವರ ಇಷ್ಟ. ಆದರೆ ವೈದ್ಯರು, ದಾದಿಯರು ಮತ್ತು ಆಶಾ ಕಾರ್ಯಕರ್ತೆಯರಿಂದ ಮುಚ್ಚಿಡಬಾರದು. ಕನಿಷ್ಠಪಕ್ಷ ಮನೆಯ ಇಬ್ಬರು ವಯಸ್ಕರಿಗಾದರೂ ಪೂರ್ಣ ವಿವರ ತಿಳಿದಿರಬೇಕು. ರೋಗಿಗೆ ಪ್ರಜ್ಞೆ ತಪ್ಪಿದಾಗ ವೈದ್ಯರಿಗೆ ಉತ್ತರ ಹೇಳಬೇಕಾದವರು ಅವರೇ.

3. ಮೊದಲ 30 ದಿನಗಳ ಅಪಾಯ ಸೂಚನೆಗಳು

ಈ ಅವಧಿಯಲ್ಲಿ ಸಂಭವಿಸಬಹುದಾದ ಗಂಭೀರ ತೊಡಕುಗಳು ಮೂರು: ಹೊಲಿಗೆಯ ಸ್ಥಳದಿಂದ ಸೋರಿಕೆ, ಒಳಗಿನ ರಕ್ತಸ್ರಾವ, ಮತ್ತು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಹೋಗಿ ಸಿಲುಕುವುದು. ಇವು ಎಲ್ಲರಿಗೂ ಬರುವುದಿಲ್ಲ. ಬಂದಾಗ ತಡಮಾಡಿದರೆ ಪ್ರಾಣಾಪಾಯವುಂಟು.

ಸೋರಿಕೆಯಾದಾಗ ಹೊಟ್ಟೆನೋವು ಯಾವಾಗಲೂ ತೀವ್ರವಾಗಿಯೇ ಇರುತ್ತದೆಂದು ಹೇಳಲಾಗದು. ಅನೇಕ ಸಂದರ್ಭಗಳಲ್ಲಿ ಮೊದಲು ಕಾಣುವ ಚಿಹ್ನೆ ನಾಡಿಯ ವೇಗ. ಆದ್ದರಿಂದ ಮನೆಯವರು ನಾಡಿ ಎಣಿಸಲು ಕಲಿತಿರಬೇಕು. ರೋಗಿಯನ್ನು 10 ನಿಮಿಷ ವಿಶ್ರಾಂತಿಯಲ್ಲಿ ಕೂರಿಸಿ, ಮಣಿಕಟ್ಟಿನ ಮೇಲೆ ಹೆಬ್ಬೆರಳಿನ ಬುಡದ ಬಳಿ ಎರಡು ಬೆರಳುಗಳನ್ನಿಟ್ಟು, ಗಡಿಯಾರ ನೋಡಿಕೊಂಡು ಪೂರ್ತಿ 1 ನಿಮಿಷ ಎಣಿಸಬೇಕು. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 60ರಿಂದ 100ರವರೆಗೆ ಇರುತ್ತದೆ. ವಿಶ್ರಾಂತಿಯಲ್ಲಿಯೂ 100ಕ್ಕಿಂತ ಹೆಚ್ಚಾಗಿ ಮುಂದುವರಿದಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಕೂಡಲೇ ದೂರವಾಣಿ ಮಾಡಬೇಕು. 120ಕ್ಕಿಂತ ಹೆಚ್ಚಾಗಿದ್ದಲ್ಲಿ ದೂರವಾಣಿಗಾಗಿ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಈ ಕೆಳಕಂಡ ಲಕ್ಷಣಗಳಲ್ಲಿ ಯಾವುದೇ ಒಂದು ಇದ್ದರೂ ಅದನ್ನು ತುರ್ತು ಸ್ಥಿತಿ ಎಂದು ಪರಿಗಣಿಸತಕ್ಕದ್ದು:

(ಅ) ಜ್ವರ ಅಥವಾ ಚಳಿ ನಡುಕ
(ಆ) ಹೆಚ್ಚುತ್ತಿರುವ ಹೊಟ್ಟೆನೋವು, ಅಥವಾ ಎಡಭುಜಕ್ಕೆ ಹರಡುವ ನೋವು
(ಇ) ಏದುಸಿರು, ಎದೆನೋವು
(ಈ) ಒಂದು ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು
(ಉ) ರಕ್ತವಾಂತಿ, ಅಥವಾ ಡಾಂಬರಿನಂತೆ ಕಪ್ಪಾದ ಮಲ
(ಊ) ನೀರನ್ನು ಸಹ ಹೊಟ್ಟೆಯಲ್ಲಿ ಉಳಿಸಿಕೊಳ್ಳಲಾಗದ ವಾಂತಿ
(ಋ) ಮೂತ್ರ ತೀರ ಕಡಿಮೆಯಾಗುವುದು, ತಲೆಸುತ್ತಿ ಬೀಳುವುದು

ಇವುಗಳನ್ನು ‘ಗ್ಯಾಸ್ ಆಗಿದೆ’, ‘ಪಿತ್ತವಾಗಿದೆ’ ಎಂದು ಭಾವಿಸಿ ಸೋಡಾ ಕುಡಿಸುವುದು, ಹೊಟ್ಟೆ ತಿಕ್ಕಿಸುವುದು, ಬೆಳಗಾಗಲಿ ಎಂದು ಕಾಯುವುದು ಸರಿಯಲ್ಲ. 108 ಸಂಖ್ಯೆಗೆ ಕರೆ ಮಾಡಿದಾಗ ‘ಇಷ್ಟು ದಿನಗಳ ಹಿಂದೆ ಜಠರದ ಶಸ್ತ್ರಚಿಕಿತ್ಸೆಯಾಗಿದೆ’ ಎಂಬ ವಾಕ್ಯವನ್ನು ಮೊದಲಿಗೇ ಹೇಳಬೇಕು.

ದೂರದ ನಗರಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ಮೊದಲ ಎರಡು ವಾರ ಅದೇ ನಗರದಲ್ಲಿ ಅಥವಾ ಕಲಬುರಗಿಯಂತಹ ಜಿಲ್ಲಾ ಕೇಂದ್ರದಲ್ಲಿ ತಂಗಲು ಏರ್ಪಾಡು ಮಾಡಿಕೊಳ್ಳುವುದು ಲೇಸು. ಮಳೆಗಾಲದಲ್ಲಿ ಇದು ಇನ್ನಷ್ಟು ಅಗತ್ಯ. 2020ರ ಅಕ್ಟೋಬರ್ ತಿಂಗಳಿನಲ್ಲಿ ಭೀಮಾ ನದಿಗೆ ಪ್ರವಾಹ ಬಂದಾಗ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಹಲವು ಗ್ರಾಮಗಳ ಸಂಚಾರ ಸ್ಥಗಿತಗೊಂಡಿತ್ತು. ತುರ್ತಲ್ಲದ ಶಸ್ತ್ರಚಿಕಿತ್ಸೆಯ ದಿನಾಂಕವನ್ನು ನಿಗದಿಪಡಿಸುವಾಗ ಇಂತಹ ಸಂಗತಿಗಳನ್ನೂ ಗಮನಿಸಬಹುದು.

4. ನಿಲ್ಲದ ವಾಂತಿ ಮತ್ತು ಗ್ಲೂಕೋಸ್ ಬಾಟಲಿ

ಈ ವಿಷಯವನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಲಾಗಿದೆ. ಶರೀರದಲ್ಲಿ ಥಯಾಮಿನ್ ಎಂಬ ವಿಟಮಿನ್ ಬಿ-1ರ ಸಂಗ್ರಹ ಕೇವಲ 2ರಿಂದ 3 ವಾರಗಳಿಗೆ ಸಾಲುವಷ್ಟಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಆಹಾರ ಕಡಿಮೆಯಾಗಿ, ಮೇಲಿಂದ ಮೇಲೆ ವಾಂತಿಯೂ ಆಗುತ್ತಿದ್ದಲ್ಲಿ ಈ ಸಂಗ್ರಹ ಬರಿದಾಗುತ್ತದೆ. ಆಗ ಮಿದುಳು ಮತ್ತು ನರಗಳು ಘಾಸಿಗೊಳ್ಳುತ್ತವೆ. ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ಅದುರುವುದು, ನಡೆಯುವಾಗ ತೂರಾಡುವುದು, ಮಾತು ಮತ್ತು ನೆನಪು ಗೊಂದಲವಾಗುವುದು, ಕಾಲು ಜೋಮುಗಟ್ಟುವುದು ಇದರ ಲಕ್ಷಣಗಳು. ಚಿಕಿತ್ಸೆ ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು.

ನಿಶ್ಶಕ್ತಿಯಾದಾಗ ಹತ್ತಿರದ ದವಾಖಾನೆಗೆ ಹೋಗಿ ‘ಸಲೈನ್ ಹಚ್ಚಿಸಿಕೊಳ್ಳುವುದು’ ಈ ಭಾಗದಲ್ಲಿ ರೂಢಿಯಲ್ಲಿದೆ. ಥಯಾಮಿನ್ ಕೊರತೆಯಿರುವ ವ್ಯಕ್ತಿಗೆ ಗ್ಲೂಕೋಸ್ ಮಾತ್ರ ನೀಡಿದರೆ, ಆ ಗ್ಲೂಕೋಸನ್ನು ಬಳಸಿಕೊಳ್ಳಲು ಅಳಿದುಳಿದ ಥಯಾಮಿನ್ ಕೂಡ ಖರ್ಚಾಗಿ ಸ್ಥಿತಿ ಮತ್ತಷ್ಟು ಬಿಗಡಾಯಿಸುತ್ತದೆ. ಶಕ್ತಿ ಬರಲೆಂದು ಹಾಕಿಸಿದ ಬಾಟಲಿಯೇ ಅಪಾಯ ತರುವ ಸಂದರ್ಭ ಇದು. ಇದನ್ನು ತಪ್ಪಿಸುವುದು ಕಷ್ಟವಲ್ಲ. ಗ್ಲೂಕೋಸ್ ನೀಡುವ ಮೊದಲು ಅಥವಾ ಅದರೊಂದಿಗೇ ಥಯಾಮಿನ್ ಚುಚ್ಚುಮದ್ದು ನೀಡಬೇಕು. ಆದ್ದರಿಂದ ರೋಗಿಯಾಗಲಿ ಜೊತೆಗಿರುವವರಾಗಲಿ ವೈದ್ಯರಿಗೆ ಹೀಗೆ ತಿಳಿಸಬೇಕು: ‘ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯಾಗಿದೆ, ಇಷ್ಟು ದಿನಗಳಿಂದ ವಾಂತಿಯಿದೆ, ಥಯಾಮಿನ್ ಕೊಡಬೇಕೇ ಎಂದು ನೋಡಿರಿ.’ ಈ ಒಂದು ಮಾತು ವ್ಯಕ್ತಿಯ ಮಿದುಳನ್ನು ಉಳಿಸಬಲ್ಲದು.

ಎರಡು ಮೂರು ದಿನಗಳಿಗಿಂತ ಹೆಚ್ಚು ಕಾಲ ವಾಂತಿ ಮುಂದುವರಿದರೆ ಜಠರದ ಕೊಳವೆ ಅಥವಾ ಜೋಡಣೆಯ ಸ್ಥಳ ಕಿರಿದಾಗಿರುವ ಸಾಧ್ಯತೆಯೂ ಇರುತ್ತದೆ. ಇದನ್ನು ಎಂಡೋಸ್ಕೋಪಿಯ ಮೂಲಕ ಪತ್ತೆ ಹಚ್ಚಿ, ಅನೇಕ ಸಂದರ್ಭಗಳಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆಯಿಲ್ಲದೆ ಹಿಗ್ಗಿಸಬಹುದು.

5. ಊಟೋಪಚಾರ

ಮೊದಲ ವಾರಗಳಲ್ಲಿ ದ್ರವಾಹಾರ, ನಂತರ ಗಂಜಿಯಂತಹ ಮೆದು ಆಹಾರ, ತದನಂತರ ಸಾಮಾನ್ಯ ಆಹಾರ ಎಂಬ ಕ್ರಮವನ್ನು ವೈದ್ಯರು ಸೂಚಿಸುತ್ತಾರೆ. ಈ ಕ್ರಮವನ್ನು ಮೀರಿ ಬೇಗನೆ ರೊಟ್ಟಿ ತಿನ್ನಲು ಆರಂಭಿಸುವುದು ವಾಂತಿಗೆ ಸಾಮಾನ್ಯ ಕಾರಣ. ಕಡಕ್ ರೊಟ್ಟಿಯನ್ನು ಹಲವು ತಿಂಗಳ ಕಾಲ ದೂರವಿಡುವುದು ಒಳ್ಳೆಯದು. ಬಿಸಿ ಜೋಳದ ರೊಟ್ಟಿಯನ್ನು ವೈದ್ಯರು ಅನುಮತಿಸಿದ ನಂತರ ಬೇಳೆ ಸಾರಿನಲ್ಲಿ ನೆನೆಸಿ, ಸಣ್ಣ ತುತ್ತುಗಳಾಗಿ ಚೆನ್ನಾಗಿ ಅಗಿದು ತಿನ್ನಬೇಕು. ಊಟದೊಂದಿಗೆ ನೀರು ಕುಡಿಯಬಾರದು. ಊಟಕ್ಕೂ ನೀರಿಗೂ ಅರ್ಧ ಗಂಟೆಯ ಅಂತರವಿರಲಿ.

ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಾಗುತ್ತದೆ. ಸಣ್ಣದಾದ ಜಠರ ಒಮ್ಮೆಲೇ ಒಂದು ತಂಬಿಗೆ ನೀರನ್ನು ಹಿಡಿಯಲಾರದು. ದಿನವೊಂದಕ್ಕೆ ಒಂದೂವರೆಯಿಂದ 2 ಲೀಟರ್ ದ್ರವವನ್ನು ಗುಟುಕು ಗುಟುಕಾಗಿ, ಗಂಟೆಗಂಟೆಗೂ ಕುಡಿಯಬೇಕು. ಹೊಲದ ಕೆಲಸಕ್ಕೆ ಹೋಗುವವರು ನೀರಿನ ಬಾಟಲಿ ಅಥವಾ ತೆಳು ಮಜ್ಜಿಗೆಯನ್ನು ಜೊತೆಗೆ ಒಯ್ಯಬೇಕು. ಶ್ರಾವಣ, ಏಕಾದಶಿಯ ಉಪವಾಸ ಮತ್ತು ರಂಜಾನ್ ರೋಜಾ ಆಚರಿಸುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಮೊದಲ ವರ್ಷದಲ್ಲಿ ವಿಶೇಷ ಎಚ್ಚರಿಕೆ ಬೇಕು.

ಪ್ರೋಟೀನ್ ದಿನಕ್ಕೆ ಸುಮಾರು 60 ಗ್ರಾಂ ದೊರೆಯಬೇಕು. ಇದಕ್ಕೆ ದುಬಾರಿ ಡಬ್ಬಿ ಪುಡಿಯೇ ಆಗಬೇಕೆಂದಿಲ್ಲ. ಸಾಮಾನ್ಯ ಆಹಾರಕ್ಕೆ ಮರಳಿದ ನಂತರ ದಿನದ ಲೆಕ್ಕವನ್ನು ಈ ರೀತಿ ಹಾಕಬಹುದು: ಹಾಲು ಅರ್ಧ ಲೀಟರ್, ಸುಮಾರು 16 ಗ್ರಾಂ, ಮೊಟ್ಟೆ 2, ಸುಮಾರು 12 ಗ್ರಾಂ, ತೊಗರಿ ಬೇಳೆ 50 ಗ್ರಾಂ, ಸುಮಾರು 11 ಗ್ರಾಂ, ಹೆಸರುಕಾಳು 40 ಗ್ರಾಂ, ಸುಮಾರು 9 ಗ್ರಾಂ, ಮೊಸರು 200 ಗ್ರಾಂ, ಸುಮಾರು 6 ಗ್ರಾಂ, ಶೇಂಗಾ 30 ಗ್ರಾಂ, ಸುಮಾರು 7 ಗ್ರಾಂ. ಒಟ್ಟು 61 ಗ್ರಾಂ. ಮೊಟ್ಟೆ ತಿನ್ನದವರು 25 ಗ್ರಾಂ ಸೋಯಾ ಉಂಡೆಯಿಂದ ಅಷ್ಟೇ ಪ್ರೋಟೀನನ್ನು ಪಡೆಯಬಹುದು. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೇಳೆ ಈ ಭಾಗದ ಮನೆಮನೆಯಲ್ಲಿ ಇರುವುದೇ ಆಗಿದೆ. ತಟ್ಟೆಯಲ್ಲಿ ಮೊದಲು ಬೇಳೆ, ಕಾಳು, ಮೊಟ್ಟೆ, ಆಮೇಲೆ ಪಲ್ಯ, ಕೊನೆಗೆ ರೊಟ್ಟಿ ಅಥವಾ ಅನ್ನ ಎಂಬ ಅನುಕ್ರಮ ಪಾಲಿಸಬೇಕು.

ಸಿಹಿ ಪದಾರ್ಥಗಳಿಂದ, ವಿಶೇಷವಾಗಿ ಬೈಪಾಸ್ ಆದವರಿಗೆ, ಡಂಪಿಂಗ್ ಎಂಬ ತೊಂದರೆ ಉಂಟಾಗುತ್ತದೆ. ಕಬ್ಬಿನ ಹಾಲು, ಹೋಳಿಗೆ, ಜಿಲೇಬಿ ಸೇವಿಸಿದ ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಹೊಟ್ಟೆ ಹಿಂಡುವಿಕೆ ಮತ್ತು ಭೇದಿ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ 1ರಿಂದ 3 ಗಂಟೆಗಳ ನಂತರ ರಕ್ತದಲ್ಲಿ ಸಕ್ಕರೆಯ ಅಂಶ ಕುಸಿದು ನಡುಕ, ಕಣ್ಣು ಕತ್ತಲೆ ಬರುತ್ತದೆ. ಎಳ್ಳಮಾವಾಸ್ಯೆಯ ಹೊಲದೂಟ, ಜಾತ್ರೆ, ಮದುವೆಗಳಲ್ಲಿ ಒತ್ತಾಯಪಡಿಸಿ ಬಡಿಸುವುದು ಪ್ರೀತಿಯ ಪದ್ಧತಿಯೇ ಆದರೂ ಈ ವ್ಯಕ್ತಿಗಳ ವಿಷಯದಲ್ಲಿ ಅದು ತೊಂದರೆಗೆ ಕಾರಣವಾಗುತ್ತದೆಂಬುದನ್ನು ಬಂಧುಗಳು ಅರಿಯಬೇಕು.

6. ಜೀವನಪರ್ಯಂತ ಮಾತ್ರೆ ಮತ್ತು ರಕ್ತಪರೀಕ್ಷೆ

ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಪಾವತಿಸಿದೊಡನೆ ಖರ್ಚು ಮುಗಿಯುವುದಿಲ್ಲ. ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ, ವಿಟಮಿನ್ ಬಿ-12 ಮತ್ತು ಬಹು-ವಿಟಮಿನ್ ಮಾತ್ರೆಗಳನ್ನು ಸಾಮಾನ್ಯವಾಗಿ ಜೀವನಪರ್ಯಂತ ಸೇವಿಸಬೇಕಾಗುತ್ತದೆ. ತೂಕ ಇಳಿದು ಆರೋಗ್ಯವಾಗಿದ್ದೇವೆಂಬ ಭಾವನೆಯಿಂದ ಒಂದೆರಡು ವರ್ಷಗಳ ನಂತರ ಮಾತ್ರೆಗಳನ್ನು ನಿಲ್ಲಿಸಿದವರಲ್ಲಿ ರಕ್ತಹೀನತೆ, ಮೂಳೆ ಸವೆತ, ಕೈಕಾಲು ಜೋಮು ಕಾಣಿಸಿಕೊಳ್ಳುತ್ತವೆ. ಕೊರತೆ ನಿಧಾನವಾಗಿ ಬೆಳೆಯುವುದರಿಂದ ಅದು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದೆಂದು ಯಾರಿಗೂ ಹೊಳೆಯುವುದಿಲ್ಲ.

ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ಸೇವಿಸದೆ ಕನಿಷ್ಠ 2 ಗಂಟೆಗಳ ಅಂತರ ಕೊಡಬೇಕು. ಚಹಾದೊಂದಿಗೆ ಕಬ್ಬಿಣಾಂಶದ ಮಾತ್ರೆ ಸೇವಿಸಬಾರದು. ಜನೌಷಧಿ ಕೇಂದ್ರಗಳಲ್ಲಿ ಮಾತ್ರೆಗಳನ್ನು ಕಡಿಮೆ ಬೆಲೆಯಲ್ಲಿ ಖರೀದಿಸಬಹುದು. ರಕ್ತಪರೀಕ್ಷೆಯನ್ನು ಮೊದಲ ವರ್ಷದಲ್ಲಿ 3, 6 ಮತ್ತು 12ನೆಯ ತಿಂಗಳಿನಲ್ಲಿ, ಆನಂತರ ವರ್ಷಕ್ಕೊಮ್ಮೆ ಮಾಡಿಸುವುದು ಸಾಮಾನ್ಯ ಕ್ರಮ.

3ರಿಂದ 6ನೆಯ ತಿಂಗಳ ಅವಧಿಯಲ್ಲಿ ತಲೆಗೂದಲು ಉದುರುವುದು ಸಾಮಾನ್ಯ. ಪೋಷಣೆ ಸರಿಯಾಗಿದ್ದಲ್ಲಿ ಇದು ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ಇದಕ್ಕಾಗಿ ಗಾಬರಿಗೊಂಡು ಜಾಹೀರಾತಿನ ಔಷಧಗಳಿಗೆ ಹಣ ವ್ಯಯಿಸುವ ಅಗತ್ಯವಿಲ್ಲ.

7. ತಿಂಗಳು, ವರ್ಷಗಳ ನಂತರದ ತೊಡಕುಗಳು

(ಅ) ಪಿತ್ತಕೋಶದ ಕಲ್ಲು: ತೂಕ ಶೀಘ್ರವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲುಗಳುಂಟಾಗುವುದು ಸಾಮಾನ್ಯ. ಇದನ್ನು ತಡೆಯಲು ವೈದ್ಯರು ಮೊದಲ 6 ತಿಂಗಳಿಗೆ ಮಾತ್ರೆ ಬರೆದುಕೊಟ್ಟಿದ್ದಲ್ಲಿ ಪೂರ್ಣ ಅವಧಿ ಸೇವಿಸಬೇಕು. ಬಲಪಕ್ಕೆಯ ಕೆಳಗೆ ಊಟದ ನಂತರ ನೋವು, ಕಣ್ಣು ಹಳದಿಯಾಗುವುದು ಇದರ ಲಕ್ಷಣಗಳು.

(ಆ) ಜೋಡಣೆಯ ಸ್ಥಳದ ಹುಣ್ಣು: ಬೈಪಾಸ್ ಆದವರಲ್ಲಿ ಕಾಣಿಸಿಕೊಳ್ಳುತ್ತದೆ. ಬೀಡಿ, ಸಿಗರೇಟು ಮತ್ತಿತರ ತಂಬಾಕು ಹಾಗೂ ನೋವು ನಿವಾರಕ ಮಾತ್ರೆಗಳು ಇದಕ್ಕೆ ಮುಖ್ಯ ಕಾರಣಗಳು.

(ಇ) ಒಳ ಹರ್ನಿಯಾ: ಬೈಪಾಸ್ ಆದವರಲ್ಲಿ ತಿಂಗಳುಗಳ ಅಥವಾ ವರ್ಷಗಳ ನಂತರವೂ ಕರುಳು ಒಳಗಿನ ಸಂದಿನಲ್ಲಿ ಸಿಲುಕಬಹುದು. ಬಂದು ಹೋಗುವ, ಹಿಂಡಿದಂತಹ ಹೊಟ್ಟೆನೋವು ಇದರ ಲಕ್ಷಣ. ನೋವು ನಿಂತಾಗ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ತೀವ್ರ ನೋವು ಬಿಡದೇ ಇದ್ದಲ್ಲಿ ಕರುಳಿಗೆ ರಕ್ತಸಂಚಾರ ನಿಲ್ಲುವ ಭಯವಿದ್ದು, ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸಕರನ್ನು ಕಾಣಬೇಕು.

8. ಇತರೆ ಔಷಧಗಳ ಬಗ್ಗೆ ಎಚ್ಚರಿಕೆ

ಮೊಣಕಾಲು ಅಥವಾ ಸೊಂಟ ನೋವಿಗಾಗಿ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳನ್ನು ಔಷಧ ಅಂಗಡಿಯಿಂದ ನೇರವಾಗಿ ತಂದು ಸೇವಿಸಬಾರದು. ಚುಚ್ಚುಮದ್ದಿನ ರೂಪದಲ್ಲಿ ಪಡೆದರೂ ಹುಣ್ಣಾಗುವ ಭಯ ತಪ್ಪುವುದಿಲ್ಲ. ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಬಳಸಬಹುದೇ ಎಂದು ವೈದ್ಯರನ್ನು ಕೇಳಬೇಕು.

ಶಸ್ತ್ರಚಿಕಿತ್ಸೆಯ ನಂತರ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಶೀಘ್ರವಾಗಿ ಇಳಿಯುವುದುಂಟು. ಹಳೆಯ ಪ್ರಮಾಣದಲ್ಲಿಯೇ ಇನ್ಸುಲಿನ್ ಅಥವಾ ಮಾತ್ರೆ ಮುಂದುವರಿಸಿದರೆ ರೋಗಿಯು ಮೂರ್ಛೆ ಹೋಗಬಹುದು. ಪ್ರಮಾಣವನ್ನು ವೈದ್ಯರು ಪುನರ್ ನಿರ್ಧರಿಸಬೇಕು. ತಾವಾಗಿಯೇ ನಿಲ್ಲಿಸುವುದೂ ತಪ್ಪು. ಮದ್ಯವು ಈ ವ್ಯಕ್ತಿಗಳಲ್ಲಿ ಬೇಗನೆ ಮತ್ತು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಚಟವಾಗುವ ಸಂಭವವೂ ಹೆಚ್ಚು.

9. ಮಹಿಳೆಯರಿಗೆ ವಿಶೇಷ ಸೂಚನೆಗಳು

ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡುವಂತೆ ಸಲಹೆ ನೀಡಲಾಗುತ್ತದೆ. ತೂಕ ಇಳಿದಂತೆ ಫಲವತ್ತತೆ ಹೆಚ್ಚುವುದರಿಂದ, ಅನೇಕ ವರ್ಷ ಮಕ್ಕಳಾಗದಿದ್ದವರೂ ಅನಿರೀಕ್ಷಿತವಾಗಿ ಗರ್ಭಿಣಿಯಾಗಬಹುದು. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆಗಳು ಪೂರ್ಣ ಫಲ ನೀಡದಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಕಾಪರ್-ಟಿ ಅಥವಾ ಅಂತರಾ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬಹುದು.

ಗರ್ಭಿಣಿಯರಿಗೆ ಸಕ್ಕರೆ ಕಾಯಿಲೆಯ ಪತ್ತೆಗಾಗಿ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷಿಸುವ ಕ್ರಮವಿದೆ. ಬೈಪಾಸ್ ಆದವರಲ್ಲಿ ಇದರಿಂದ ಡಂಪಿಂಗ್ ಉಂಟಾಗಬಹುದಾದ್ದರಿಂದ ಬೇರೆ ವಿಧಾನದಲ್ಲಿ ಪರೀಕ್ಷಿಸಬೇಕಾಗುತ್ತದೆ. ತಾಯಿ ಕಾರ್ಡ್ ಮಾಡಿಸುವ ದಿನವೇ ಆರೋಗ್ಯ ಸಹಾಯಕಿಗೆ ಶಸ್ತ್ರಚಿಕಿತ್ಸೆಯ ವಿಷಯ ತಿಳಿಸಿ, ಕಾರ್ಡಿನಲ್ಲಿ ಬರೆಯಿಸಬೇಕು. ಗರ್ಭಾವಸ್ಥೆಯ ಹೊಟ್ಟೆನೋವನ್ನು ಹೆರಿಗೆ ನೋವೆಂದು ಮಾತ್ರ ಭಾವಿಸದೆ ಒಳ ಹರ್ನಿಯಾದ ಸಾಧ್ಯತೆಯನ್ನೂ ವೈದ್ಯರ ಗಮನಕ್ಕೆ ತರಬೇಕು.

10. ಮಾನಸಿಕ ಆರೋಗ್ಯ

ಚರ್ಮ ಜೋತುಬೀಳುವುದು, ಇಳಿದ ತೂಕದಲ್ಲಿ ಸ್ವಲ್ಪ ಭಾಗ ಮರಳಿ ಬರುವುದು, ಎಲ್ಲರೊಂದಿಗೆ ಕುಳಿತು ಊಟ ಮಾಡಲಾಗದಿರುವುದು ಮನಸ್ಸಿಗೆ ಬೇಸರ ತರಬಹುದು. ‘ಇಷ್ಟು ಹಣ ಸುರಿದೆವು’ ಎಂಬ ಮನೆಯವರ ಮಾತು ಬೇಸರವನ್ನು ಹೆಚ್ಚಿಸುತ್ತದೆ. ಇದರಿಂದ ರೋಗಿಯು ತೊಂದರೆ ಹೇಳಿಕೊಳ್ಳಲು ಹಿಂಜರಿಯುತ್ತಾನೆ. ಖಿನ್ನತೆ ಅಥವಾ ಆತ್ಮಹತ್ಯೆಯ ಆಲೋಚನೆ ಬಂದಲ್ಲಿ ಟೆಲಿ-ಮನಸ್ ಉಚಿತ ದೂರವಾಣಿ 14416ಕ್ಕೆ ಕರೆ ಮಾಡಬಹುದು. ಈ ಸೇವೆಯು 2022ರಲ್ಲಿ ಆರಂಭಗೊಂಡಿದ್ದು, ಕನ್ನಡದಲ್ಲಿಯೂ ಲಭ್ಯವಿರುತ್ತದೆ.

11. ಚಿಕಿತ್ಸೆ ಎಲ್ಲಿ, ವೆಚ್ಚ ಹೇಗೆ

ತುರ್ತು ಸಂದರ್ಭದಲ್ಲಿ ಮೊದಲು ಹತ್ತಿರದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗೆ ತೆರಳಬೇಕು. ಅಲ್ಲಿ ಪ್ರಥಮ ಚಿಕಿತ್ಸೆ ಪಡೆದು, ಅಗತ್ಯವಿದ್ದಲ್ಲಿ ಕಲಬುರಗಿಯ ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಜಿಮ್ಸ್) ಆಸ್ಪತ್ರೆಗೆ ಹೋಗಬಹುದು. ಆಳಂದ ಮತ್ತು ಜೇವರ್ಗಿ ಪಟ್ಟಣಗಳು ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದ್ದು, ಅಫಜಲಪುರ ಅದಕ್ಕಿಂತ ದೂರದಲ್ಲಿದೆ. ಆದ್ದರಿಂದ ಹೊರಡುವ ನಿರ್ಧಾರವನ್ನು ತಡಮಾಡಬಾರದು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ, ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಬಿಪಿಎಲ್ ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಸೌಲಭ್ಯವಿದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿಗಳವರೆಗೆ ಭರಿಸಲಾಗುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಹಾಜರುಪಡಿಸಬೇಕು. ಸಾಮಾನ್ಯ ಸಂದರ್ಭದಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ತುರ್ತು ಚಿಕಿತ್ಸೆಗೆ ಶಿಫಾರಸು ಪತ್ರದ ಅಗತ್ಯವಿರುವುದಿಲ್ಲ. ತಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂಬುದನ್ನು ನೋಂದಾಯಿತ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಂದ ಅಥವಾ 14555 ದೂರವಾಣಿಯಿಂದ ಖಚಿತಪಡಿಸಿಕೊಳ್ಳಬಹುದು.

ಖಾಸಗಿ ಆರೋಗ್ಯ ವಿಮೆ ಹೊಂದಿರುವವರು ಪಾಲಿಸಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ವಯ ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ವಿಮೆಯಿಂದ ಹೊರಗಿಡುವ ಷರತ್ತಿಗೆ ವಿನಾಯಿತಿಗಳಿವೆ. ರೋಗಿಗೆ 18 ವರ್ಷ ತುಂಬಿರಬೇಕು, ವೈದ್ಯರ ಸಲಹೆಯಿರಬೇಕು, ದೇಹ ತೂಕ ಸೂಚ್ಯಂಕ 40 ಅಥವಾ ಹೆಚ್ಚು, ಇಲ್ಲವೇ ಗಂಭೀರ ಸಹ-ಕಾಯಿಲೆಗಳೊಂದಿಗೆ 35 ಅಥವಾ ಹೆಚ್ಚು ಇರಬೇಕು ಎಂಬುವು ಇವುಗಳಲ್ಲಿ ಮುಖ್ಯವಾದವು.

12. ದೂರು ಸಲ್ಲಿಕೆ

ತೊಡಕು ಬಂದ ಮಾತ್ರಕ್ಕೆ ಅದು ವೈದ್ಯರ ನಿರ್ಲಕ್ಷ್ಯವೆಂದು ಅರ್ಥವಲ್ಲ. ಉತ್ತಮ ಶಸ್ತ್ರಚಿಕಿತ್ಸೆಯ ನಂತರವೂ ತೊಡಕು ಬರಬಹುದು. ಆದರೆ ದಾಖಲೆ ನೀಡಲು ನಿರಾಕರಿಸುವುದು, ಅಪಾಯಗಳನ್ನು ತಿಳಿಸದೆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು, ತುರ್ತು ಸಂದರ್ಭದಲ್ಲಿ ಚಿಕಿತ್ಸೆ ನಿರಾಕರಿಸುವುದು ದೂರಿಗೆ ಅರ್ಹವಾದ ವಿಷಯಗಳು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ದೂರು ನೀಡಬಹುದು. ಪರಿಹಾರ ಕೋರುವವರು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಹಣ ಪಾವತಿಸಿದ ರಸೀದಿಗಳು, ಡಿಸ್ಚಾರ್ಜ್ ಪತ್ರ ಮತ್ತು ಪರೀಕ್ಷಾ ವರದಿಗಳನ್ನು ಲಗತ್ತಿಸತಕ್ಕದ್ದು.

13. ಸದಾ ಸಿದ್ಧವಿರಬೇಕಾದವು

ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಈ ಕೆಳಕಂಡವುಗಳನ್ನಿಟ್ಟು, ಅದು ಇರುವ ಸ್ಥಳವನ್ನು ಮನೆಯವರೆಲ್ಲರಿಗೂ ತೋರಿಸಿರಬೇಕು:

(ಅ) ಡಿಸ್ಚಾರ್ಜ್ ಪತ್ರದ ಪ್ರತಿ
(ಆ) ಶಸ್ತ್ರಚಿಕಿತ್ಸೆಯ ಹೆಸರು, ದಿನಾಂಕ, ಆಸ್ಪತ್ರೆಯ ದೂರವಾಣಿ ಸಂಖ್ಯೆ ಬರೆದ ಚೀಟಿ
(ಇ) ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ
(ಈ) ಇತ್ತೀಚಿನ ರಕ್ತಪರೀಕ್ಷೆಯ ವರದಿ
(ಉ) ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ, ವಿಮೆ ಇದ್ದಲ್ಲಿ ಅದರ ಸಂಖ್ಯೆ
(ಊ) ‘ನೋವು ನಿವಾರಕ ಬೇಡ. ವಾಂತಿಯಿದ್ದಲ್ಲಿ ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಬಗ್ಗೆ ವೈದ್ಯರನ್ನು ಕೇಳಿರಿ’ ಎಂದು ದಪ್ಪಕ್ಷರಗಳಲ್ಲಿ ಬರೆದ ಕಾಗದ

ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿದ್ದು, ವೈದ್ಯರ ಸಲಹೆಗೆ ಬದಲಿಯಲ್ಲ. ಹೆಚ್ಚಿನ ವಿವರಗಳಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು, ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಅಥವಾ ಕಲಬುರಗಿಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.